ವಿದೇಶಾಂಗ ಸಚಿವರಿಗೆ ಕಲಬುರಗಿ ಗಂಜಿನಿಂದ ಒಂದು ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ,

ನಮಸ್ಕಾರ. ನಾನು ಕಲಬುರಗಿಯ ನೆಹರೂ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಒಂದು ಅಡತ್ (ದಲ್ಲಾಳಿ) ಅಂಗಡಿಯ ಮುನೀಮ. ಇಪ್ಪತ್ತೆಂಟು ವರ್ಷದಿಂದ ತೊಗರಿ, ಉದ್ದು, ಹೆಸರು, ಕಡಲೆಯ ಲೆಕ್ಕ ಬರೆಯುತ್ತಿದ್ದೇನೆ. ಮುನೀಮನಿಗೂ ವಿದೇಶಾಂಗ ನೀತಿಗೂ ಏನು ಸಂಬಂಧ ಅಂತ ತಮಗೆ ಅನ್ನಿಸಬಹುದು. ನಮ್ಮ ಸಾವಕಾರರಿಗೂ ಹಾಗೇ ಅನ್ನಿಸಿತು. "ನೀ ಸುಮ್ನೆ ಪಟ್ಟಿ ಬರಿ, ದಿಲ್ಲಿಗಿ ಯಾಕ ಬರೀಲಿಕ್ಕತ್ತಿ" ಅಂದರು. ಪಟ್ಟಿ ಬರೆದು ಮುಗಿಸಿದ ಮೇಲೆಯೇ ಇದನ್ನು ಬರೆಯಲು ಕೂತಿದ್ದೇನೆ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಶರಣಬಸವೇಶ್ವರರ ಫೋಟೋಗೆ ಊದುಬತ್ತಿ ಹಚ್ಚಿದ ಮೇಲೆ ನಾವು ಮೊದಲು ನೋಡುವುದು ಮೊಬೈಲು. ಮಳೆ ಸುದ್ದಿ ಆಮೇಲೆ. ಬರ್ಮಾದ ಲೆಮನ್ ತೊಗರಿ ಚೆನ್ನೈಗೆ ಎಷ್ಟಕ್ಕೆ ಬಂತು, ಮೊಜಾಂಬಿಕ್‌ನ ಗಜರಿ ತೊಗರಿ ಮುಂಬೈಗೆ ಎಷ್ಟಕ್ಕೆ ಬಂತು, ಮೊದಲು ಅದನ್ನು ನೋಡಬೇಕು. ಸುಡಾನ್ ತೊಗರಿ ಅಂತಲೂ ಒಂದು ಮಾಲು ಇದೆ. ಈ ರೇಟುಗಳನ್ನು ನೋಡದೆ ಇಲ್ಲಿ ಯಾವ ಖರೀದಿದಾರನೂ ನಮ್ಮ ರೈತನ ರಾಶಿಗೆ ಬೆಲೆ ಕೂಗುವುದಿಲ್ಲ. ಆಳಂದದಿಂದಲೋ ಚಿಂಚೋಳಿಯಿಂದಲೋ ಟ್ರ್ಯಾಕ್ಟರಿನಲ್ಲಿ ಚೀಲ ಹೇರಿಕೊಂಡು ಬಂದ ರೈತ ಕಾಳು ತೋರಿಸುತ್ತಾನೆ. ಖರೀದಿದಾರ ಒಂದು ಹಿಡಿ ಅಂಗೈಗೆ ಹಾಕಿಕೊಳ್ಳುತ್ತಾನೆ, ಉಜ್ಜುತ್ತಾನೆ, ಉಫ್ ಅಂತ ಊದುತ್ತಾನೆ, ಒಂದು ಕಾಳನ್ನು ಹಲ್ಲಿಗೆ ಇಟ್ಟು ಕಟ್ ಅನ್ನಿಸುತ್ತಾನೆ. ಹಸಿ ಇದೆಯೋ ಒಣಗಿದೆಯೋ ಅದರಲ್ಲೇ ಗೊತ್ತಾಗುತ್ತದೆ. ಆಮೇಲೆ ರೈತನ ಮುಖ ನೋಡದೆ ಕೇಳುತ್ತಾನೆ: "ಬರ್ಮಾ ಮಾಲ ಏನ್ ನಡದದ ಇವತ್ತ?"

ಈ ಮೂರು ದೇಶಗಳ ಹೆಸರನ್ನು ಇನ್ನೊಮ್ಮೆ ಓದಿ ನೋಡಿ. ಬರ್ಮಾದಲ್ಲಿ, ಅಂದರೆ ಈಗಿನ ಮ್ಯಾನ್ಮಾರಿನಲ್ಲಿ, 2021ರ ಫೆಬ್ರವರಿ 1ರಂದು ಸೈನ್ಯ ಆರಿಸಿ ಬಂದವರನ್ನು ಜೈಲಿಗೆ ಹಾಕಿತು. ಅಲ್ಲಿಂದ ಅಂತರ್ಯುದ್ಧ. ಮೊಜಾಂಬಿಕ್‌ನಲ್ಲಿ 1977ರಿಂದ 1992ರವರೆಗೆ ಹದಿನೈದು ವರ್ಷ ಒಳಜಗಳದ ಯುದ್ಧ. 2017ರಿಂದ ಅದೇ ದೇಶದ ಉತ್ತರದ ಕಾಬೋ ಡೆಲ್ಗಾಡೋದಲ್ಲಿ ಮತ್ತೆ ಬೆಂಕಿ. ಸುಡಾನಿನ ಕಥೆ ಮುಂದೆ ಹೇಳುತ್ತೇನೆ. ನಮ್ಮ ದೇಶದ ಸಾರಿನ ಬೇಳೆ ಬರುವ ದೇಶಗಳಲ್ಲಿ ಇಷ್ಟು ದೇಶಗಳು ಸುಟ್ಟ ದೇಶಗಳು, ಇಲ್ಲವೇ ಸುಡುತ್ತಿರುವ ದೇಶಗಳು.

ನಾಚಿಕೆಯಾದರೂ ಒಂದು ಮಾತು ಹೇಳಿಬಿಡಬೇಕು. ಅವರ ಮನೆ ಹತ್ತಿ ಉರಿದರೆ ನಮ್ಮ ಗಂಜಿನಲ್ಲಿ ರೇಟು ಏರುತ್ತದೆ. 2023ರಲ್ಲಿ ತೊಗರಿ ಕ್ವಿಂಟಲ್‌ಗೆ 10 ಸಾವಿರ ದಾಟಿತ್ತು. ನಮ್ಮಲ್ಲಿ ನೆಟೆ ರೋಗ ಬಂದಿತ್ತು, ಬೆಳೆ ಕಡಿಮೆ ಇತ್ತು, ಅದು ಒಂದು ಕಾರಣ. ವರ್ಷದ ಕೊನೆಗೆ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ಮಾಲು ಸಿಕ್ಕಿಬಿದ್ದದ್ದು ಇನ್ನೊಂದು. ಆಗ ನಮ್ಮ ಅಂಗಡಿಗೆ ಬಂದ ಒಬ್ಬ ರೈತ ಪೇಢಾ ಹಂಚಿದ. ಆಮೇಲೆ ಸುಂಕವಿಲ್ಲದ ಮಾಲು ಹೊರಗಿನಿಂದ ಹರಿದು ಬಂತು. 2025ರ ಆರಂಭದಲ್ಲಿ ರೇಟು 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಇಳಿಯಿತು. ರಾಜ್ಯ ಸರ್ಕಾರ ಮೇಲೆ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. ಅದೇ ರೈತ ಆ ವರ್ಷ ಚಹಾ ಸಹ ಕುಡಿಯದೆ ಹೋದ. ಹಾಗಾಗಿ ನಾನು ಬರ್ಮಾದವರ ಮೇಲಿನ ಪ್ರೀತಿಗೆ ಮಾತ್ರ ಬರೆಯುತ್ತಿದ್ದೇನೆ ಅಂತ ತಿಳಿಯಬೇಡಿ. ನನ್ನ ಲೆಕ್ಕದ ಪುಸ್ತಕ ಅವರ ಜಗಳಕ್ಕೆ ಕಟ್ಟಿಕೊಂಡಿದೆ, ಅಷ್ಟೇ.

ನಾನು ಕೇಳುವುದು ಒಂದೇ ವಿಷಯ. ಯುದ್ಧ ಮುಗಿದ, ಸರ್ಕಾರ ಬಿದ್ದ, ಇನ್ನೂ ಕಾಲೂರದ ದೇಶದ ಜೊತೆ ವ್ಯವಹಾರ ಮಾಡುವಾಗ ಕುರ್ಚಿಯ ಮೇಲೆ ಕೂತವನನ್ನು ಮಾತ್ರ ನೋಡಬೇಡಿ. ಕುರ್ಚಿಯವನು ಬದಲಾಗುತ್ತಾನೆ. ಕಚೇರಿಯ ಗುಮಾಸ್ತ, ಶಾಲೆಯ ಮಾಸ್ತರ, ಓದಲು ಬಂದ ಹುಡುಗಿ, ಹೊಲದ ರೈತ ಅಲ್ಲೇ ಇರುತ್ತಾರೆ. ಅವರ ಜೊತೆಗಿನ ಖಾತೆಯನ್ನು ಬಂದ್ ಮಾಡಬೇಡಿ.

ಇದನ್ನು ಹೇಳುವ ಹಕ್ಕು ನಮಗೆ ಸ್ವಲ್ಪ ಇದೆ. ಯಾಕೆಂದರೆ ನಾವೇ ಒಂದು ಕಾಲದಲ್ಲಿ ಅಂಥ ದೇಶವಾಗಿದ್ದೆವು.

ತಮಗೆ ಗೊತ್ತಿರುವ ಇತಿಹಾಸವೇ. ಕಲಬುರಗಿ, ಬೀದರ, ಈಗಿನ ಯಾದಗಿರಿಯ ಬಹುಪಾಲು ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನ. 1948ರಲ್ಲಿ ನಮ್ಮ ವಿಷಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೂ ಹೋಗಿತ್ತು. ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ದೊಡ್ಡವರೆಲ್ಲ ಕೂತು 'ಹೈದರಾಬಾದ್ ಪ್ರಶ್ನೆ' ಅಂತ ಮಾತಾಡಿದರು. ಮರುದಿನ ನಿಜಾಮರ ಸೈನ್ಯ ಶರಣಾಯಿತು. ಇವತ್ತು ಟಿವಿಯಲ್ಲಿ ಸುಡಾನ್, ಸಿರಿಯಾ ಅಂತ ಹೆಸರು ಬರುತ್ತದಲ್ಲ, ಆ ವಾರ ಆ ಜಾಗದಲ್ಲಿ ನಮ್ಮ ಹೆಸರಿತ್ತು. ಇದು ನಮ್ಮ ಕಾಲೇಜು ಹುಡುಗರಿಗೆ ಗೊತ್ತಿಲ್ಲ. ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುತ್ತಾರೆ, ಲಾಡು ತಿನ್ನುತ್ತಾರೆ, ಹೋಗುತ್ತಾರೆ.

ಭಾರತದ ಸೈನ್ಯದ ಕೆಲಸ ಐದು ದಿನದಲ್ಲಿ ಮುಗಿಯಿತು. ಸೆಪ್ಟೆಂಬರ್ 13ಕ್ಕೆ ಶುರು, 17ಕ್ಕೆ ಮುಕ್ತಾಯ. ಉಳಿದದ್ದು ಮುಗಿಯಲು ಎಷ್ಟು ಕಾಲ ಬೇಕಾಯಿತು ನೋಡಿ. 1949ರ ಕೊನೆಯವರೆಗೆ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮಿಲಿಟರಿ ಆಡಳಿತ. 1950ರಿಂದ ದಿಲ್ಲಿ ಕಳಿಸಿದ ಅಧಿಕಾರಿ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ. ನಾವು ಓಟು ಹಾಕಿ ಆರಿಸಿದ ಸರ್ಕಾರ, ಬುರ್ಗುಲ ರಾಮಕೃಷ್ಣ ರಾವ್ ಅವರದ್ದು, ಬಂದದ್ದು 1952ರಲ್ಲಿ. ಕನ್ನಡದವರ ಜೊತೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಿಂದುಳಿದಿದ್ದೀರಿ ಅಂತ ಒಪ್ಪಿಕೊಂಡು ಸಂಸತ್ತು ನೌಕರಿ, ಓದಿನಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ಕೊಟ್ಟದ್ದು 2012ರಲ್ಲಿ. ಐದು ದಿನದ ಕೆಲಸದ ಬಾಕಿ ಅರವತ್ತನಾಲ್ಕು ವರ್ಷ ಎಳೆಯಿತು. ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ ಅನ್ನುವವರೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಹೆದರಿಕೆಗೆ ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ಸೊಲ್ಲಾಪುರದ ಕಡೆ ಹೋದವಳು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಕಗ್ಗೊಲೆಯನ್ನು ಕೇಳಿದ ಮೇಲೆ ನಮ್ಮ ಕಡೆ ಯಾರೂ ಮನೆಯಲ್ಲಿ ನಿದ್ದೆ ಮಾಡುತ್ತಿರಲಿಲ್ಲವಂತೆ. ದಸರೆ ಕಳೆದ ಮೇಲೆ ಅವಳು ಊರಿಗೆ ಮರಳಿದಳು. ತನ್ನ ಮನೆ ಹಾಗೇ ಇತ್ತು, ಒಲೆ ಮಾತ್ರ ಯಾರೋ ಒಡೆದಿದ್ದರು. ಆದರೆ ಓಣಿಯ ಆ ಕಡೆಯ ಮನೆಗಳು ಖಾಲಿ. ಅಲ್ಲಿ ಇದ್ದ ಬಳೆಗಾರ್ತಿ ಎಲ್ಲಿ ಅಂತ ಆಯಿ ಕೇಳಿದಳಂತೆ. ಯಾರೂ ಹೇಳಲಿಲ್ಲ. ಮುಂದೆ ಬಳೆ ಇಡಿಸಿಕೊಳ್ಳುವ ಮಾತು ಬಂದಾಗಲೆಲ್ಲ ಅವಳು ಇದನ್ನು ನಮಗೆ ಹೇಳುತ್ತಿದ್ದಳು, ಪ್ರತಿ ಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಸೈನ್ಯ ಬಂದ ಮೇಲೆ ಇಲ್ಲಿನ ಮುಸ್ಲಿಮರಿಗೆ ಏನಾಯಿತು ಅಂತ ನೋಡಲು ದಿಲ್ಲಿಯೇ ಪಂಡಿತ್ ಸುಂದರಲಾಲ್ ಅವರ ತಂಡವನ್ನು ಕಳಿಸಿತ್ತು. ಜಾಸ್ತಿ ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಅಂತ ಅವರು ಬರೆದದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಒಟ್ಟು ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅವರ ಅಂದಾಜು. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ಗೋರಟಾದ್ದೂ ನಮ್ಮದೇ ದುಃಖ, ಬಳೆಗಾರ್ತಿಯದ್ದೂ ನಮ್ಮದೇ. ಒಂದನ್ನು ಮೆರವಣಿಗೆ ಮಾಡಿ ಇನ್ನೊಂದನ್ನು ಕಪಾಟಿನಲ್ಲಿ ಇಟ್ಟರೆ ಗಾಯ ಮಾಯುವುದಿಲ್ಲ. ಶ್ರೀಲಂಕಾಗೋ ನೇಪಾಳಕ್ಕೋ ಕಾಣೆಯಾದವರ ಬಗ್ಗೆ ನ್ಯಾಯ ಮಾಡಿ ಅಂತ ನಾವು ಬುದ್ಧಿ ಹೇಳುವಾಗ, ನಮ್ಮಲ್ಲೂ ಹೀಗಾಯಿತು, ನಾವೂ ಬಚ್ಚಿಟ್ಟೆವು, ಅದು ತಪ್ಪಾಯಿತು ಅಂತ ಮೊದಲು ಹೇಳಿದರೆ ಅವರು ಕಿವಿ ಕೊಟ್ಟಾರು.

ಈಗ ಇನ್ನೊಂದು ಚಿಕ್ಕ ವಿಷಯ. ಮೂರು ವರ್ಷದ ಹಿಂದೆ ನಮ್ಮ ಅಣ್ಣ ತಮ್ಮಂದಿರ ನಡುವೆ ಹೊಲದ ವಾಟಣಿ ಬಂತು. ಹಳೆ ದಾಖಲೆ ತನ್ನಿ ಅಂದರು. ಸಿಕ್ಕದ್ದು ಸೇತ್ವಾರ್, ಅಂದರೆ ನಿಜಾಮರ ಕಾಲದ ಭೂ ದಾಖಲೆಯ, ನಕಲು, ಪೂರ್ತಿ ಉರ್ದು. ನಮ್ಮ ಮನೆಯಲ್ಲಿ ಉರ್ದು ಓದುವ ಕೊನೆಯವನು ನಮ್ಮ ಮುತ್ಯಾ, ಅವನು ಹೋಗಿ ನಲವತ್ತು ವರ್ಷ. ಕಚೇರಿಯ ಹೊರಗೆ ಮರದ ಕೆಳಗೆ ಒಬ್ಬ ಚಾಚಾ ಕೂಡುತ್ತಾರೆ. ವಯಸ್ಸು ಎಂಬತ್ತರ ಹತ್ತಿರ. ಮುಂದೆ ಒಂದು ತಗಡಿನ ಪೆಟ್ಟಿಗೆ, ಅದರ ಮೇಲೆ ಭೂತಗನ್ನಡಿ. ಅರ್ಧ ಜಿಲ್ಲೆಯ ಹೊಲಗಳ ಹಣೆಬರಹ ಓದುವುದು ಅವರೇ. ಕಾಗದವನ್ನು ಮಡಿಕೆಯ ಮೇಲೆ ಹರಿಯದ ಹಾಗೆ ನಿಧಾನಕ್ಕೆ ಬಿಚ್ಚಿದರು. ಬಲದಿಂದ ಎಡಕ್ಕೆ ಬೆರಳು ಓಡಿಸಿದರು. "ಫಸಲಿ 1347" ಅಂದರು. ಅಂದರೆ 1937-38. ಸರ್ವೆ ನಂಬರು, ಎಕರೆ, ಗುಂಟೆ, ಎಷ್ಟು ರೂಪಾಯಿ ಎಷ್ಟು ಆಣೆ ಕಂದಾಯ, ಎಲ್ಲ ಹೇಳಿದರು. ಕೊನೆಗೆ ಭೂತಗನ್ನಡಿ ನನ್ನ ಕೈಗೆ ಕೊಟ್ಟು, "ಇಕೋ, ಇದು ನಿಮ್ಮ ಮುತ್ಯಾನ ಅಪ್ಪನ ಹೆಸರು, ನೋಡ್ಕೋರಿ" ಅಂದರು. ನನಗೆ ಓದಲು ಬರಲಿಲ್ಲ. ಆದರೂ ತುಂಬ ಹೊತ್ತು ನೋಡಿದೆ.

ಮೊಹರು ನಿಜಾಮರದು, ಹೊಲ ನಮ್ಮದು. ಸರ್ಕಾರ ಬಿದ್ದಿತು, ರಾಜ ಹೋದ, ರೊಕ್ಕ ಬದಲಾಯಿತು, ನಿಜಾಮರ ಹಾಲಿ ಸಿಕ್ಕಾ ನಾಣ್ಯ ಮಕ್ಕಳ ಆಟಕ್ಕೆ ಹೋಯಿತು. ಆದರೆ ನಮ್ಮ ಪಾಲಿನ ದಫ್ತರ್ (ದಾಖಲೆ) ಉಳಿಯಿತು. ದಫ್ತರ್ ಉಳಿದದ್ದರಿಂದ ಹೊಲ ಉಳಿಯಿತು. ಹೊಲ ಉಳಿದದ್ದರಿಂದ ನಾವು ಬಂದೂಕು ಹಿಡಿಯಲಿಲ್ಲ.

ಇಂಡೋನೇಷ್ಯಾದ ಹಿಡಿತದಲ್ಲಿದ್ದ ಪೂರ್ವ ತಿಮೋರ್‌ನಲ್ಲಿ 1999ರಲ್ಲಿ ಹೀಗಾಗಲಿಲ್ಲ. ಸ್ವಾತಂತ್ರ್ಯಕ್ಕೆ ಓಟು ಹಾಕಿದ ಸಿಟ್ಟಿಗೆ ಊರುಗಳನ್ನು ಸುಟ್ಟರು, ಜಮೀನಿನ ದಾಖಲೆಗಳೂ ಹೋದವು. ಯಾವ ಮನೆ ಯಾರದು ಅನ್ನುವ ಜಗಳ ಅಲ್ಲಿ ವರ್ಷಗಟ್ಟಲೆ ನಡೆಯಿತು. ಇರಾಕಿನಲ್ಲಿ 2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ರಾಷ್ಟ್ರೀಯ ಗ್ರಂಥಾಲಯ ಸುಟ್ಟಿತು. ಮೇ ತಿಂಗಳಲ್ಲಿ ಅಮೆರಿಕದ ಅಧಿಕಾರಿ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಒಂದರಲ್ಲಿ ಸದ್ದಾಂನ ಬಾತ್ ಪಕ್ಷದ ಮೇಲಿನ ಹಂತದವರೆಲ್ಲ ಕೆಲಸದಿಂದ ಹೊರಗೆ. ಇನ್ನೊಂದರಲ್ಲಿ ಸೈನ್ಯವೇ ಬರಖಾಸ್ತು. ಲಕ್ಷಗಟ್ಟಲೆ ಜನ ಒಂದೇ ಸಲಕ್ಕೆ ಸಂಬಳ ಇಲ್ಲದೆ, ಬಂದೂಕಿನ ಸಮೇತ ಮನೆಗೆ ಹೋದರು. ಮುಂದಿನದನ್ನು ಜಗತ್ತು ನೋಡಿತು. ಆ ವರ್ಷ ಜುಲೈನಲ್ಲಿ ಇರಾಕಿಗೆ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿದಾಗ ವಾಜಪೇಯಿಯವರ ಸರ್ಕಾರ ಆಗಲ್ಲ ಅಂದಿತು. ಅದಕ್ಕೆ ಇವತ್ತಿಗೂ ನಾನು ಕೈ ಮುಗಿಯುತ್ತೇನೆ.

ಹೈದರಾಬಾದಿನಲ್ಲಿ ಎಲ್ಲ ಸರಿ ಮಾಡಿದೆವು ಅಂತಲ್ಲ. ಮದ್ರಾಸು, ಮುಂಬೈ ಕಡೆಯಿಂದ ಅಧಿಕಾರಿಗಳನ್ನು ತಂದು ಕೂರಿಸಿದರು. ಅವರಿಗೆ ಇಲ್ಲಿನ ಭಾಷೆ ಗೊತ್ತಿಲ್ಲ, ಇಲ್ಲಿನ ಓದಿದ ಹುಡುಗರಿಗೆ ನೌಕರಿ ಇಲ್ಲ. 1952ರಲ್ಲಿ ಮುಲ್ಕಿ, ಅಂದರೆ ಸ್ಥಳೀಯರ, ಚಳವಳಿ ಎದ್ದಿತು, ಹೈದರಾಬಾದ್ ಶಹರದಲ್ಲಿ ಗೋಲಿಬಾರ್ ಆಯಿತು. ಬಿಡುಗಡೆ ಮಾಡಿದ ನಾಲ್ಕೇ ವರ್ಷಕ್ಕೆ 'ಗೈರ್ ಮುಲ್ಕಿ ವಾಪಸ್ ಹೋಗಿ' ಅಂತ ಜನ ಬೀದಿಗೆ ಬಂದರು. ಒಂದೇ ದೇಶದೊಳಗೆ, ಒಳ್ಳೆ ಉದ್ದೇಶದಿಂದ ಬಂದವರಿಗೇ ಹೀಗಾದರೆ ಬೇರೆ ದೇಶಕ್ಕೆ ಹೋಗಿ ಬೀಗುವವರಿಗೆ ಏನಾಗಬೇಡ? ಅದೂ ನಮಗೆ ಗೊತ್ತು. 1987ರಲ್ಲಿ ಶ್ರೀಲಂಕಾಗೆ ಶಾಂತಿ ಮಾಡಿಸಲು ಹೋದೆವು, 1990ರಲ್ಲಿ ವಾಪಸ್ ಬಂದೆವು. ಸುಮಾರು 1,200 ಸೈನಿಕರು ಬರಲಿಲ್ಲ. ತಮಿಳರೂ ಬೈದರು, ಸಿಂಹಳೀಯರೂ ಬೈದರು. ಯುದ್ಧ 2009ರಲ್ಲಿ ಮುಗಿದ ಮೇಲೆ ಅದೇ ಶ್ರೀಲಂಕಾದಲ್ಲಿ ನಾವು 50,000 ಮನೆ ಕಟ್ಟಿಸುವ ಕೆಲಸ ಹಿಡಿದೆವು. ಹೆಚ್ಚಿನ ಮನೆಗಳಿಗೆ ದುಡ್ಡು ನೇರವಾಗಿ ಮನೆಯವರ ಖಾತೆಗೆ, ಕಟ್ಟಿಕೊಳ್ಳುವವರು ಅವರೇ. ಬಂದೂಕಿನಿಂದ ಆಗದ ಕೆಲಸ ಇಟ್ಟಿಗೆಯಿಂದ ಸ್ವಲ್ಪ ಆಯಿತು.

ನೇಪಾಳದ್ದೂ ಹಾಗೆಯೇ, ಒಂದು ಸಲ ಬೆಲ್ಲ, ಒಂದು ಸಲ ಬೇವು. 2005ರ ನವೆಂಬರ್‌ನಲ್ಲಿ ಮಾವೋವಾದಿಗಳೂ ಏಳು ಪಕ್ಷಗಳೂ ದಿಲ್ಲಿಯಲ್ಲೇ ಕೂತು 12 ಅಂಶದ ಒಪ್ಪಂದಕ್ಕೆ ಬಂದರು. ಹತ್ತು ವರ್ಷದ ಯುದ್ಧ ಮರುವರ್ಷ ನಿಂತಿತು. ನಾವು ಸದ್ದಿಲ್ಲದೆ ಜಾಗ ಕೊಟ್ಟೆವು, ಅಷ್ಟೇ. ಹತ್ತು ವರ್ಷ ಕಳೆದು 2015ರಲ್ಲಿ ಅವರು ಸಂವಿಧಾನ ಮಾಡಿಕೊಂಡಾಗ ಗಡಿಯಲ್ಲಿ ಲಾರಿಗಳು ತಿಂಗಳುಗಟ್ಟಲೆ ನಿಂತವು. ಭೂಕಂಪದಲ್ಲಿ ಮನೆ ಕಳೆದುಕೊಂಡ ವರ್ಷ, ಚಳಿಗಾಲ, ಗ್ಯಾಸ್ ಸಿಲಿಂಡರ್ ಇಲ್ಲ. ದಿಗ್ಬಂಧನ ನಾವು ಮಾಡಿಲ್ಲ, ಗಡಿಯ ಮಧೇಸಿಗಳೇ ಮಾಡಿದ್ದು ಅಂತ ದಿಲ್ಲಿ ಹೇಳಿತು. ಅಲ್ಲಿನ ಜನ ನಂಬಲಿಲ್ಲ. ಮೊದಲನೆಯದನ್ನು ಅವರು ಮರೆತರು, ಎರಡನೆಯದನ್ನು ಮರೆಯಲಿಲ್ಲ. ಬಾಂಗ್ಲಾದೇಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಆಗಸ್ಟ್ 5ಕ್ಕೆ ಒಬ್ಬ ನಾಯಕಿ ಹೋದ ಕೂಡಲೇ ನಮ್ಮ ಕೈ ಖಾಲಿ ಕಂಡಿತು. ಇಡೀ ಬಂಡವಾಳವನ್ನು ಒಂದೇ ಗಿರಾಕಿಗೆ ಉದ್ರಿ ಕೊಟ್ಟ ಅಂಗಡಿಯ ಹಾಗೆ. ಗಂಜಿನಲ್ಲಿ ಹೀಗೆ ಮಾಡಿದವನಿಗೆ ಏನನ್ನುತ್ತಾರೆ ಅಂತ ಇಲ್ಲಿ ಬರೆಯಲು ಬರುವುದಿಲ್ಲ.

ಆಫ್ಘಾನಿಸ್ತಾನದ ಲೆಕ್ಕ ನನಗೆ ತುಂಬ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ನಾವು ಅಲ್ಲಿ 300 ಕೋಟಿ ಡಾಲರ್ ಹಾಕಿದೆವು. ಜರಂಜ್‌ನಿಂದ ದೇಲಾರಾಮ್‌ವರೆಗೆ 218 ಕಿಲೋಮೀಟರ್ ರಸ್ತೆ ಮಾಡಿಕೊಟ್ಟೆವು. 2015ರ ಡಿಸೆಂಬರ್‌ನಲ್ಲಿ ಕಾಬೂಲಿನ ಸಂಸತ್ ಭವನ, 2016ರ ಜೂನ್‌ನಲ್ಲಿ ಹೆರಾತ್‌ನ ಸಲ್ಮಾ ಅಣೆಕಟ್ಟು. 2021ರ ಆಗಸ್ಟ್ 15ಕ್ಕೆ ತಾಲಿಬಾನಿಗಳು ಬಂದರು. ಸಂಸತ್ ಭವನ ಈಗಲೂ ಇದೆ, ಅದರೊಳಗೆ ಕೂರಲು ಆರಿಸಿ ಬಂದ ಸದಸ್ಯ ಇಲ್ಲ. ಅಣೆಕಟ್ಟಿನ ನೀರು ಮಾತ್ರ ಹೊಲಕ್ಕೆ ಹರಿಯುತ್ತಿದೆ. ಯಾವ ಸರ್ಕಾರ ಅಂತ ನೀರು ಕೇಳುವುದಿಲ್ಲ. ಮುಂದಿನ ಸಲ ಎಲ್ಲಿ ದುಡ್ಡು ಹಾಕಬೇಕು ಅಂತ ಯೋಚಿಸುವಾಗ ಈ ಎರಡು ಫೋಟೋಗಳನ್ನು ಪಕ್ಕ ಪಕ್ಕ ಇಟ್ಟುಕೊಳ್ಳಿ.

ಆದರೆ ನನ್ನ ಸಿಟ್ಟು ಕಟ್ಟಡದ ಮೇಲೆ ಅಲ್ಲ, ವೀಸಾ ಮೇಲೆ. ಆ ಆಗಸ್ಟ್ ತಿಂಗಳಲ್ಲೇ ಆಫ್ಘನ್ನರಿಗೆ ಮೊದಲು ಕೊಟ್ಟಿದ್ದ ವೀಸಾಗಳನ್ನೆಲ್ಲ ನಮ್ಮ ಸರ್ಕಾರ ರದ್ದು ಮಾಡಿತು. ಹೊಸದಾಗಿ ಇ-ವೀಸಾ ತೆಗೆದುಕೊಳ್ಳಿ ಅಂದಿತು, ಅದು ಕೆಲವೇ ಜನರಿಗೆ ಸಿಕ್ಕಿತು. ಭದ್ರತೆಯ ಕಾರಣ ಇರಬಹುದು, ಪಾಸ್‌ಪೋರ್ಟ್ ಕಳವಾಗಿದ್ದವು ಅಂತಲೂ ಹೇಳಿದರು. ಒಪ್ಪೋಣ. ಆದರೆ ಕೊರೋನಾ ಕಾಲದಲ್ಲಿ ಊರಿಗೆ ಹೋಗಿದ್ದ ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅಲ್ಲೇ ಉಳಿದರು. ನಮ್ಮದೇ ಸ್ಕಾಲರ್‌ಶಿಪ್, ನಮ್ಮದೇ ಹಾಸ್ಟೆಲ್ಲಿನಲ್ಲಿ ಅವರ ಪೆಟ್ಟಿಗೆ. ಅವರಲ್ಲಿ ಹುಡುಗಿಯರೂ ಇದ್ದರು. ಅವರ ದೇಶ ಅವರಿಗೆ ಕಾಲೇಜು ಮುಚ್ಚಿತು, ನಾವು ಗೇಟು ಮುಚ್ಚಿದೆವು. ಇಪ್ಪತ್ತು ವರ್ಷದಲ್ಲಿ ಗಳಿಸಿದ್ದರಲ್ಲಿ ಅತಿ ಬೆಲೆಬಾಳುವುದು ಆ ಮಕ್ಕಳ ವಿಶ್ವಾಸವೇ ಆಗಿತ್ತು ಅಲ್ವಾ?

ಈಗ ಅದೇ ತಾಲಿಬಾನಿನ ಮಂತ್ರಿ ಮುತ್ತಕಿಯವರು 2025ರ ಅಕ್ಟೋಬರ್‌ನಲ್ಲಿ ದಿಲ್ಲಿಗೆ ಬಂದರು. ಕಾಬೂಲಿನ ನಮ್ಮ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿ ಮಾಡುತ್ತೇವೆ ಅಂದಿರಿ. ಮಾತಾಡಿದ್ದಕ್ಕೆ ನನ್ನ ತಕರಾರಿಲ್ಲ. ಪಕ್ಕದ ಹೊಲದವನು ಕೆಟ್ಟವನು ಅಂತ ಬದುವಿನ ಮಾತು ಬಿಡಲಾಗುತ್ತದೆಯೇ? ಆದರೆ ಅವರ ಮೊದಲ ಪತ್ರಿಕಾಗೋಷ್ಠಿಗೆ ದಿಲ್ಲಿಯಲ್ಲೇ, ನಮ್ಮ ಪತ್ರಕರ್ತ ಹೆಣ್ಣುಮಕ್ಕಳನ್ನು ಒಳಗೆ ಬಿಡಲಿಲ್ಲ. ಅದರಲ್ಲಿ ನಮ್ಮ ಪಾತ್ರ ಇಲ್ಲ ಅಂತ ಇಲಾಖೆ ಹೇಳಿತು. ಗದ್ದಲವಾದ ಮೇಲೆ ಎರಡನೇ ಗೋಷ್ಠಿಗೆ ಅವರನ್ನು ಕರೆದರು. ಅಂದರೆ ಗಟ್ಟಿಯಾಗಿ ಕೇಳಿದರೆ ಅವರೂ ಬಗ್ಗುತ್ತಾರೆ. ಅದೇ ಗಟ್ಟಿತನದಿಂದ ನಮ್ಮ ಸ್ಕಾಲರ್‌ಶಿಪ್ಪಿನ ಹುಡುಗಿಯರ ಬಗ್ಗೆಯೂ ಕೇಳಬಹುದು.

ಸುಡಾನಿಗೆ ಬರುತ್ತೇನೆ ಅಂದಿದ್ದೆ. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಜನ ಬೀದಿಗಿಳಿದು ಮೂವತ್ತು ವರ್ಷ ಆಳಿದ ಬಶೀರ್‌ನನ್ನು ಇಳಿಸಿದರು. ನಾಗರಿಕರೂ ಸೈನ್ಯದವರೂ ಸೇರಿ ಆಳುವ ಒಪ್ಪಂದ ಆಯಿತು. ಅಬ್ದುಲ್ಲಾ ಹಮ್ದೋಕ್ ಅನ್ನುವ ಅರ್ಥಶಾಸ್ತ್ರಜ್ಞ ಪ್ರಧಾನಿಯಾದರು. ಖಜಾನೆ ಖಾಲಿ, ಮೇಲೆ ಸಾಲ. ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಯಿಂದ ಅಮೆರಿಕ ಸುಡಾನಿನ ಹೆಸರು ತೆಗೆದದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಬ್ರೆಡ್ಡಿನ ಸಾಲು ಉದ್ದವಾಗಿತ್ತು, ಜನ ಬೇಸತ್ತಿದ್ದರು. 2021ರ ಅಕ್ಟೋಬರ್ 25ಕ್ಕೆ ಸೈನ್ಯ ಮತ್ತೆ ಕುರ್ಚಿ ಕಸಿದುಕೊಂಡಿತು. 2023ರ ಏಪ್ರಿಲ್ 15ಕ್ಕೆ ಬುರ್ಹಾನ್ ಅವರ ಸೈನ್ಯವೂ ಹೆಮೆದ್ತಿಯ ಆರ್‌ಎಸ್‌ಎಫ್ ಅನ್ನುವ ಅರೆಸೈನಿಕ ಪಡೆಯೂ ಒಂದರ ಮೇಲೊಂದು ಬಿದ್ದವು. ಒಂದು ಮನೆಯಲ್ಲಿ ಎರಡು ಸೈನ್ಯ ಇಟ್ಟುಕೊಂಡು ಸಂಸಾರ ಮಾಡಲು ಹೊರಟಿದ್ದೇ ತಪ್ಪು. ನಮಗೂ ರಜಾಕಾರರು ಅನ್ನುವ ಎರಡನೇ ಸೈನ್ಯದ ರುಚಿ ಗೊತ್ತಲ್ಲ.

ಆಗ ತಮ್ಮ ಇಲಾಖೆ ಆಪರೇಷನ್ ಕಾವೇರಿ ಮಾಡಿ ಸಾವಿರಾರು ಜನರನ್ನು ಹಡಗು, ವಿಮಾನದಲ್ಲಿ ಕರೆತಂದಿತು. ಅದರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಇದ್ದರು. ಗಿಡಮೂಲಿಕೆ ಮಾರಲು ಹೋಗಿ ಎಲ್ ಫಾಶರ್ ಅನ್ನುವ ಊರಿನಲ್ಲಿ ಸಿಕ್ಕಿಬಿದ್ದಿದ್ದರು. ಅವರನ್ನು ಉಳಿಸಿದ್ದು ದೊಡ್ಡ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ನಮ್ಮವರು ಹೊರಟು ಬಂದ ಮೇಲೆ ಆ ಊರು ನಮ್ಮ ಪೇಪರಿನಿಂದಲೂ ಹೊರಟುಹೋಯಿತು. ಹದಿನೆಂಟು ತಿಂಗಳು ಮುತ್ತಿಗೆ ಹಾಕಿ, 2025ರ ಅಕ್ಟೋಬರ್‌ನಲ್ಲಿ ಆರ್‌ಎಸ್‌ಎಫ್ ಎಲ್ ಫಾಶರ್ ಹಿಡಿಯಿತು. ಹಕ್ಕಿಪಿಕ್ಕಿಗಳಿಂದ ಎಣ್ಣೆ ಕೊಂಡವರು ಏನಾದರು ಅಂತ ನಾನು ಆ ದಿನ ಯೋಚಿಸಿದೆ. ನಮ್ಮ ಅಂಗಡಿಯಲ್ಲಿ ಮಾತ್ರ ಸುಡಾನ್ ಮಾಲಿನ ರೇಟು ಕೇಳುವವರು ಕೇಳುತ್ತಲೇ ಇದ್ದರು.

ನಿಧಾನ ಅಂದರೆ ಎಷ್ಟು ನಿಧಾನ ಅಂತ ತಿಳಿಯಬೇಕಾದರೆ ಮೊಜಾಂಬಿಕ್ ನೋಡಿ. ರೋಮ್‌ನಲ್ಲಿ ಶಾಂತಿ ಒಪ್ಪಂದ ಆದದ್ದು 1992ರ ಅಕ್ಟೋಬರ್ 4. ರೆನಾಮೋ ಬಂಡುಕೋರರ ಕೊನೆಯ ಕ್ಯಾಂಪ್ ಮುಚ್ಚಿ, ಅವರು ಕೊನೆಯ ಬಂದೂಕು ಕೆಳಗಿಟ್ಟದ್ದು 2023ರ ಜೂನ್. ಹತ್ತಿರ ಹತ್ತಿರ ಮೂವತ್ತೊಂದು ವರ್ಷ! ಈ ನಡುವೆ ಒಂದು ಸಲ ಮತ್ತೆ ಜಗಳಕ್ಕೆ ಬಿದ್ದು, 2019ರಲ್ಲಿ ಮತ್ತೊಂದು ಒಪ್ಪಂದ ಮಾಡಿಕೊಂಡರು. ಅಷ್ಟಾದರೂ 2024ರ ಚುನಾವಣೆ ಆದ ಮೇಲೆ ಬೀದಿಯಲ್ಲಿ ನೂರಾರು ಜನ ಸತ್ತರು. ಅಲ್ಲಿನ ರೊವುಮಾ ಗ್ಯಾಸ್‌ನ ಏರಿಯಾ 1 ಅನ್ನುವ ಭಾಗದಲ್ಲಿ ನಮ್ಮ ಸರ್ಕಾರಿ ಎಣ್ಣೆ ಕಂಪನಿಗಳ ಪಾಲು 30 ಪರ್ಸೆಂಟ್. ಪಾಲ್ಮಾ ಊರಿನ ಮೇಲೆ 2021ರಲ್ಲಿ ದಾಳಿಯಾಗಿ ಆ ಕೆಲಸ ವರ್ಷಗಟ್ಟಲೆ ನಿಂತಿತು. ಗ್ಯಾಸ್ ಸಿಗುವ ಜಿಲ್ಲೆಯ ಹುಡುಗರಿಗೆ ಗ್ಯಾಸ್‌ನಿಂದ ನೌಕರಿ ಸಿಗದಿದ್ದರೆ ಏನಾಗುತ್ತದೆ ಅಂತ 371(ಜೆ)ಗಾಗಿ ಧರಣಿ ಕೂತ ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು.

ಬರ್ಮಾ ತೊಗರಿಯ ಬಗ್ಗೆ ಒಂದು ಮಾತು ಬಾಕಿ ಇದೆ, ಇದು ನಮ್ಮ ಧಂದೆಯವರಿಗೆ ಮಾತ್ರ ಗೊತ್ತಿರುವ ಮಾತು. 2021ರ ಒಪ್ಪಂದದ ಪ್ರಕಾರ ಐದು ವರ್ಷ, ಪ್ರತಿ ವರ್ಷ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ಅಲ್ಲಿಂದ ಬರಬೇಕು ಅಂತ ಇತ್ತು. ಸೈನ್ಯ ಕುರ್ಚಿ ಹಿಡಿದ ವರ್ಷವೇ ಆದ ಒಪ್ಪಂದ. ಅಲ್ಲಿ ತೊಗರಿ ಹೆಚ್ಚಾಗಿ ಬೆಳೆಯುವುದು ಸಗಾಯಿಂಗ್, ಮಾಗ್ವೆ, ಮಂಡಲೆಯ ಒಣ ನೆಲದಲ್ಲಿ, ನಮ್ಮ ಕಡೆಯಂತೆಯೇ. ಸೈನ್ಯದ ವಿಮಾನಗಳು ಬಾಂಬ್ ಹಾಕುತ್ತಿರುವುದೂ ಅದೇ ಸಗಾಯಿಂಗ್, ಮಾಗ್ವೆಯ ಹಳ್ಳಿಗಳ ಮೇಲೆ. ಅಲ್ಲಿನ ವ್ಯಾಪಾರಿ ನಮ್ಮಿಂದ ಡಾಲರ್ ತೆಗೆದುಕೊಂಡರೆ ಅದರ ಒಂದು ಪಾಲನ್ನು ಸರ್ಕಾರದ ರೇಟಿಗೆ, ಡಾಲರ್‌ಗೆ 2,100 ಕ್ಯಾಟ್ (ಅಲ್ಲಿನ ರೊಕ್ಕ) ಲೆಕ್ಕದಲ್ಲಿ, ಬದಲಿಸಲೇಬೇಕು ಅಂತ ಅಲ್ಲಿನ ಸರ್ಕಾರ ನಿಯಮ ತಂದಿತು. ಹೊರಗೆ ರೇಟು ಅದಕ್ಕಿಂತ ಎಷ್ಟೋ ಜಾಸ್ತಿ. ನಡುವಿನ ಆ ಅಂತರ ಯಾರ ಜೇಬಿಗೆ ಹೋಗುತ್ತದೆ ಅಂತ ತಿಳಿಯಲು ಮುನೀಮನೇ ಆಗಬೇಕಿಲ್ಲ. ಹೊಲದವನಿಗೆ ಕಡಿಮೆ, ಬಾಂಬ್ ಹಾಕುವವನಿಗೆ ಜಾಸ್ತಿ. ಖರೀದಿ ನಿಲ್ಲಿಸಿ ಅಂತ ನಾನು ಹೇಳಲಾರೆ. ನಿಲ್ಲಿಸಿದರೆ ಮೊದಲು ಸಾಯುವವನು ಅದೇ ರೈತ. ಆದರೆ ಒಪ್ಪಂದ ಮುಂದುವರಿಸುವ ಮಾತು ಬಂದಾಗ ರೂಪಾಯಿ ಲೆಕ್ಕದಲ್ಲೋ ಇನ್ನೊಂದು ದಾರಿಯಲ್ಲೋ ಬೆಳೆದವನ ಕೈಗೆ ಹೆಚ್ಚು ಹೋಗುವ ಹಾಗೆ ಮಾಡಲು ಬರುತ್ತದೆಯೇ ಅಂತ ನೋಡಿ. ಎಷ್ಟು ಟನ್ ಅಂತ ಬರೆಯುವ ಸಾಲಿನ ಕೆಳಗೆ ಯಾರಿಗೆ ದುಡ್ಡು ಅಂತ ಬರೆಯಲು ಇನ್ನೊಂದು ಸಾಲು ಬೇಕು.

ನಮ್ಮ ಕೈಯಲ್ಲಿ ಒಳ್ಳೆ ಸಾಮಾನೂ ಇದೆ. 2007ರಲ್ಲಿ ಲೈಬೀರಿಯಾಕ್ಕೆ ನಾವು ಹೆಣ್ಣುಮಕ್ಕಳದ್ದೇ ಒಂದು ಪೊಲೀಸ್ ತಂಡ ಕಳಿಸಿದೆವು. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಅಂಥದ್ದು ಅದೇ ಮೊದಲು. ಯುದ್ಧದಲ್ಲಿ ಹೆಣ್ಣುಮಕ್ಕಳು ಅನುಭವಿಸಿದ ದೇಶ ಅದು. ರಾತ್ರಿ ರಸ್ತೆಯಲ್ಲಿ ಸಮವಸ್ತ್ರ ಹಾಕಿದ ಹೆಂಗಸರು ಗಸ್ತು ಹೊಡೆಯುವುದನ್ನು ನೋಡಿ ಅಲ್ಲಿನ ಹುಡುಗಿಯರೂ ಪೊಲೀಸ್ ಸೇರಿದರು. ಒಂಬತ್ತು ವರ್ಷ ನಮ್ಮ ತಂಡಗಳು ಒಂದಾದ ಮೇಲೆ ಒಂದು ಅಲ್ಲಿದ್ದವು. ನಮ್ಮ ಮೈಸೂರಿನ ಕಾರ್ಖಾನೆಯ ಅಳಿಸದ ಶಾಯಿ ಕಾಂಬೋಡಿಯಾದವರೆಗೆ ಹೋಗಿ ಅಲ್ಲಿನ ಮತದಾರರ ಬೆರಳಿಗೆ ಹತ್ತಿದೆ. ಶಾಯಿ ಕಳಿಸಿದ ಹಾಗೆಯೇ ಭೂ ದಾಖಲೆ ಕಾಪಾಡುವ ವಿದ್ಯೆಯನ್ನೂ ಕಳಿಸಬಹುದು. ಕರ್ನಾಟಕದ 'ಭೂಮಿ' ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ತಂದು ಎರಡು ದಶಕ ದಾಟಿತು. ಅದರಲ್ಲಿ ತಪ್ಪುಗಳೂ ಇವೆ, ನಮ್ಮ ವಾಟಣಿಯಲ್ಲೇ ಎರಡು ಗುಂಟೆ ಕಾಣೆಯಾಗಿತ್ತು. ಪರವಾಗಿಲ್ಲ. ಆ ತಪ್ಪು ತಿದ್ದಿದ ಗುಮಾಸ್ತನಿಗೆ ಗೊತ್ತಿರುವುದು ದೊಡ್ಡ ದೊಡ್ಡ ಸಲಹೆಗಾರರಿಗೆ ಗೊತ್ತಿರುವುದಿಲ್ಲ. ಬೇರೆ ದೇಶದವರಿಗಾಗಿ 1964ರಿಂದ ನಮ್ಮ ಸರ್ಕಾರ ನಡೆಸುತ್ತಿರುವ ಐಟೆಕ್ ತರಬೇತಿಯಲ್ಲಿ ಅಂಥವರನ್ನು ಸೇರಿಸಿ. ತಿಮೋರ್‌ನ ಸರ್ವೆಯರ್ ಒಬ್ಬ ಕಲಬುರಗಿಗೆ ಬಂದು ಆರು ತಿಂಗಳು ಇರಲಿ. ಬಿಸಿಲು ಜಾಸ್ತಿ ಅಂತ ಮೊದಲೇ ಹೇಳಿಬಿಡಿ.

ವೀಸಾ ಬಗ್ಗೆ ಇನ್ನೊಮ್ಮೆ ಕೇಳುತ್ತೇನೆ, ಇದೊಂದು ಆದರೂ ಸಾಕು. ಯಾವ ದೇಶದಲ್ಲಿ ಯಾವ ಸರ್ಕಾರ ಬಿದ್ದರೂ ನಮ್ಮಲ್ಲಿ ಹೆಸರು ಹಚ್ಚಿದ ವಿದ್ಯಾರ್ಥಿಯ ವೀಸಾ ಒಂದೇ ಏಟಿಗೆ ರದ್ದಾಗಬಾರದು. ಬೇಕಾದರೆ ಒಬ್ಬೊಬ್ಬರನ್ನೇ ತಪಾಸಣೆ ಮಾಡಿ. ಆರು ತಿಂಗಳಲ್ಲಿ ಹೌದು ಅಥವಾ ಇಲ್ಲ ಅಂತ ಬರೆದು ತಿಳಿಸಿ. ಈ ನಿಯಮವನ್ನು ಸಂಸತ್ತಿನ ಮುಂದೆ ಇಡಿ. ಬೀದರಿನ ಮಹಮೂದ್ ಗವಾನರ ಮದರಸಾ ನೋಡಿದ್ದೀರಾ? 1472ರಲ್ಲಿ ಅದನ್ನು ಕಟ್ಟಿಸಿದವರು ಇರಾನಿನ ಗಿಲಾನ್‌ನಿಂದ ಬಂದವರು. ಸಿಡಿಲು ಹೊಡೆದ ಹಾಗೆ ಅರ್ಧ ಬಿದ್ದ ಮೇಲೂ ಅದು ನಮ್ಮ ಬೀದರದ್ದೇ. ಆ ಕಾಲದಲ್ಲಿ ವೀಸಾ ಇದ್ದಿದ್ದರೆ ಅವರನ್ನು ಒಳಗೆ ಬಿಡುತ್ತಿದ್ದೆವೋ ಇಲ್ಲವೋ.

ಇಷ್ಟು ಹೊತ್ತಿಗೆ ಮೇಜಿನ ಮೇಲೆ ಚಹಾ ಆರಿತು, ಸಾವಕಾರರು ಎರಡು ಸಲ ಇಣುಕಿ ಹೋದರು. ಉತ್ತರ ಬರೆದರೆ ಸಂತೋಷ. ಕನ್ನಡದಲ್ಲಿ ಬಂದರೆ ನಾನೇ ಓದಿಕೊಳ್ಳುತ್ತೇನೆ, ಹಿಂದಿಯಲ್ಲಿ ಬಂದರೆ ಮಗಳು ಓದುತ್ತಾಳೆ. ಉರ್ದುವಿನಲ್ಲಿ ಬಂದರೂ ಚಿಂತೆ ಇಲ್ಲ. ಚಾಚಾ ಈಗಲೂ ಅದೇ ಮರದ ಕೆಳಗೆ ಕೂಡುತ್ತಾರೆ.

ಇಂತಿ,
ಗಂಜಿನ ಒಬ್ಬ ಮುನೀಮ
ಕಲಬುರಗಿ